ಬಾಪ ಕಂಡ ಆಕಾಶದ ಮನೆ

ಪುಂಜಾಲಕಟ್ಟೆ
30-12-2000

ಪ್ರೀತಿಯ ಮಗ ಮುಝಮ್ಮಿಲ್‌ಗೆ, ಉಮ್ಮ ಆಯಿಶಮ್ಮನ ಸಲಾಂ.

ನೀನು ಸೌಖ್ಯವಾಗಿದ್ದೀಯಾ? ಬೆನ್ನುನೋವು ಹೇಗಿದೆ? ಜುಬೈಲಿನ ಚಳಿಗೆ ತಲೆಗೆ ಬಟ್ಟೆ ಕಟ್ಟಿಕೋ, ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. ನಿನ್ನ ಹೆಂಡತಿ ಶಾಹಿದಾ, ಮಗಳು ಫಾಹಿಮಾ ಚೆನ್ನಾಗಿದ್ದಾರೆ. ನನ್ನದು ಐದನೇ ಕ್ಲಾಸಿನ ಕನ್ನಡ. ಶಾಹಿದಾಳ ಕೈಯಲ್ಲಿ ಬರೆಸಬಹುದಿತ್ತು, ಆದರೆ ಈ ಕಾಗದವನ್ನು ಅವಳು ಓದುವುದು ಬೇಡ.

ಈ ಸಲ ರಮಳಾನಿನಲ್ಲಿ ನಮ್ಮ ಮನೆಯಲ್ಲಿ ಬರೀ ಆಕಾಶದ ಸುದ್ದಿ. ಅಮೆರಿಕದವರ ವಿಮಾನದಂಥ ರಾಕೆಟ್ ಒಂದರಲ್ಲಿ ಐದು ಜನ ಮೇಲೆ ಹೋಗಿ, ಅಲ್ಲಿ ಸುತ್ತುತ್ತಿರುವ ಮನೆಗೆ ಎರಡು ದೊಡ್ಡ ರೆಕ್ಕೆ ಕಟ್ಟಿ ಬಂದರಂತೆ. ಬಿಸಿಲಿನಿಂದ ಕರೆಂಟು ಮಾಡುವ ರೆಕ್ಕೆ. ಮೊದಲೇ ಮೂರು ಜನ ಅಲ್ಲಿ ಸಂಸಾರ ಹೂಡಿದ್ದಾರಂತೆ. ಫಾಹಿಮಾ ದಿನಾ ಪೇಪರು ಓದಿ ಹೇಳುವಳು, ನಿನ್ನ ಬಾಪ ಕಣ್ಣು ಮುಚ್ಚಿ ಕೇಳುವರು. ಒಂದು ರೆಕ್ಕೆಯ ಹಗ್ಗ ಸಡಿಲಾಗಿ, ಅವರು ಹೊರಗೆ ಬಂದು ಗಾಳಿಯೇ ಇಲ್ಲದಲ್ಲಿ ನಿಂತು ಸರಿಮಾಡಿದ್ದನ್ನು ಮೂರು ಸಲ ಓದಿಸಿದರು. "ಆಕಾಶಕ್ಕೆ ಹೋದವರು ಹನ್ನೊಂದು ದಿನದಲ್ಲಿ ಕೆಲಸ ಮುಗಿಸಿ ಮನೆಗೆ ಬಂದ್ರು. ನಮ್ಮ ಮಗನಿಗೆ ಜುಬೈಲಿಂದ ಬರ್ಲಿಕ್ಕೆ ಆಗುದಿಲ್ಲ" ಎಂದರು. ಬೇಸರ ಮಾಡಬೇಡ, ತಮಾಷೆಗೆ ಹೇಳಿದ್ದು.

ರೆಕ್ಕೆ ಬಂದ ಮೇಲೆ ಅದು ನಮ್ಮ ಅಂಗಳಕ್ಕೂ ಕಾಣತೊಡಗಿತು. ಶಾಲೆಯ ನಾರಾಯಣಮೂರ್ತಿ ಮಾಸ್ತರರು ಅದು ಬರುವ ಸಮಯವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಚೀಟಿಯಲ್ಲಿದ್ದ ದಿನಗಳಲ್ಲಿ ನೋಂಬು ಬಿಟ್ಟು ಮಗ್ರಿಬ್ ನಮಾಝ್ ಮುಗಿಸಿ ಅಜ್ಜ ಮೊಮ್ಮಗಳು ಅಂಗಳದಲ್ಲಿ ಹಾಜರು. "ಅಜ್ಜ, ಅಗೋ, ತೆಂಗಿನ ಮರದ ಎಡಕ್ಕೆ!" ಎಂದು ಅವಳು. "ಹಾಂ, ಕಂಡೆ" ಎಂದು ಇವರು. ಮೂವತ್ತಾರು ವರ್ಷ ಜಮಾತಿಗೆ ಚಂದ್ರ ಕಂಡು ಹೇಳಿದ ಕಣ್ಣಲ್ಲವೇ, ಪೊರೆ ಬಂದರೂ ಕನ್ನಡಕವಿಲ್ಲದೆ ಇದನ್ನೂ ಕಾಣುತ್ತದೆ ಎಂದು ನನಗೆ ಹೆಮ್ಮೆ.

ಇಪ್ಪತ್ತೇಳನೇ ನೋಂಬಿನ ಸಂಜೆ ಫಾಹಿಮಾ ಒಳಗಿದ್ದಳು. ನಾನು ಕೈ ಒರೆಸುತ್ತ ಅಂಗಳಕ್ಕೆ ಬಂದೆ. ಆಕಾಶದಲ್ಲಿ ಏನೂ ಇರಲಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಕುಶಾಲಿಗೆಂದು "ಬಂತು ಬಂತು, ಹಲಸಿನ ಮರದ ಮೇಲೆ ನೋಡಿ!" ಎಂದೆ. ನೋಂಬಿನ ತಿಂಗಳಲ್ಲಿ ಸುಳ್ಳು ಹೇಳ್ತೀಯಾ ಎಂದು ಬೈಯುತ್ತಾರೆಂದು ಕಾದೆ. ಅವರು ಬೆರಳೆತ್ತಿ ಹಲಸಿನ ಮರದಿಂದ ಮಸೀದಿಯ ಕಡೆಗೆ ಮೆಲ್ಲನೆ ಎಳೆದರು. "ಕಂಡೆ ಆಯಿಶಾ. ಇವತ್ತು ಬೆಳಕು ಜಾಸ್ತಿ ಉಂಟು" ಎಂದರು. ಅವರ ಮುಖದ ಮುಂದೆ ಕೈ ಆಡಿಸಿದೆ, ಮಗಾ. ರೆಪ್ಪೆ ಅಲುಗಲಿಲ್ಲ.

ಎರಡು ದಿನ ಬಾಯಿ ಬಿಡಲಿಲ್ಲ. ಇಪ್ಪತ್ತೊಂಬತ್ತನೇ ನೋಂಬಿನ ಸಂಜೆ ಅವರು ಬಿಳಿ ಅಂಗಿ ಹಾಕಿ, ಮುಂಡಾಸು ಸುತ್ತಿ ಚಂದ್ರ ನೋಡಲು ಹೊರಟರು. ಚಂದ್ರನನ್ನು ಕಾಣದೆ ಕಂಡೆನೆಂದು ಸಾಕ್ಷಿ ಹೇಳಿದರೆ ಮರುದಿನವೇ ಹಬ್ಬ ಮಾಡಿ ಇಡೀ ಜಮಾತಿನ ಒಂದು ನೋಂಬು ಹೋಗುತ್ತದೆ. ನಾನು ಬಾಗಿಲಿಗೆ ಅಡ್ಡ ನಿಂತೆ. "ಮೊನ್ನೆ ಹಲಸಿನ ಮರದ ಮೇಲೆ ಏನೂ ಇರ್ಲಿಲ್ಲ" ಎಂದೆ. ನೋಂಬಿನ ಮೊದಲ ಚಂದ್ರನ ಕತೆ ಏನೆಂದು ಕೇಳಿದೆ. "ಅದು ಜೊತೆಗೆ ಬಂದ ಹನೀಫಾ ಕಂಡದ್ದು. ನಾನು ಹೌದು ಅಂದೆ, ಅಷ್ಟೆ. ಅವನು ಸುಳ್ಳು ಹೇಳುವವ ಅಲ್ಲ" ಎಂದರು. ಮುಂಡಾಸು ಬಿಚ್ಚಿ ಮಡಿಸತೊಡಗಿದರು. ಅಂಚಿಗೆ ಅಂಚು ಕೂಡಲಿಲ್ಲ. ಕರೆಯಲು ಬಂದ ಹನೀಫಾನ ಹತ್ತಿರ ಇವರಿಗೆ ಜ್ವರವೆಂದು ಹೇಳಿದೆ. ಅವನು ತಲೆ ತಗ್ಗಿಸಿ ಹೋದ.

ಪೆರ್ನಾಲ್ ಕಳೆಯಿತು. ಚಂದ್ರನನ್ನು ಬೇರೆಯವರು ಕಂಡರು, ಹಬ್ಬಕ್ಕೆ ಏನೂ ಕಡಿಮೆಯಾಗಲಿಲ್ಲ. ಅದೇ ಅವರಿಗೆ ದೊಡ್ಡ ಸಂಕಟ. ಫಾಹಿಮಾಳಿಗೆ ಏನೂ ಗೊತ್ತಿಲ್ಲ. ಮಾಸ್ತರರಿಂದ ಹೊಸ ಚೀಟಿ ತಂದಿದ್ದಾಳೆ. ನಿನ್ನೆಯೂ "ಅಗೋ ಅಜ್ಜ" ಎಂದಳು, ನಿನ್ನೆಯೂ ಇವರು ಬೆರಳೆತ್ತಿದರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಅಲ್ಲಾಹು ನಿನ್ನ ಕಣ್ಣು, ಕೈಕಾಲು ಗಟ್ಟಿಯಾಗಿಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಉಮ್ಮ,
ಆಯಿಶಮ್ಮ

ತಾ.ಕ.: ಮೇ ತಿಂಗಳಲ್ಲಿ ಬಂದು ಬಾಪನ ಕಣ್ಣಿನ ಪೊರೆ ತೆಗೆಸುತ್ತೇನೆಂದು ಬರೆದಿದ್ದೀ. ಅದು ಪೊರೆ ಅಲ್ಲ ಮಗಾ. ಹನೀಫಾ ಆಗಸ್ಟಿನಲ್ಲೇ ಅವರನ್ನು ಗುಟ್ಟಾಗಿ ಮಂಗಳೂರಿಗೆ ಕರೆದುಕೊಂಡು ಹೋಗಿದ್ದನಂತೆ. ನರ ಒಣಗಿದೆ, ಇನ್ನು ಏನೂ ಮಾಡಲಿಕ್ಕಿಲ್ಲ ಎಂದರಂತೆ ಡಾಕ್ಟರು. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ. ನೀನು ಬರುವಾಗ ಗೇಟಿನಿಂದಲೇ ಮಾತಾಡುತ್ತ ಬಾ, ಯಾವಾಗಿನಂತೆ ಸದ್ದಿಲ್ಲದೆ ಬಂದು ಎದುರು ನಿಲ್ಲಬೇಡ. ಮೊನ್ನೆ ಅಂಚೆಯ ಲೋಕಯ್ಯ ನಿನ್ನ ಫೋಟೋ ತಂದುಕೊಟ್ಟ. ಬಾಪ ಅದರ ಬಿಳಿ ಬೆನ್ನನ್ನೇ ಮುಖದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿ, "ಮಗ ಸಪೂರ ಆಗಿದ್ದಾನೆ" ಎಂದರು. ನಾನು ಹೌದು ಎಂದೆ.