ಮೌನ ಕಾಪಾಡಿ ಎಂದು ಅರಚುವ ಮೈಕನ್ನು ಇಳಿಸಿ

ಸರೋವರ ವನ್ಯಧಾಮದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಸರೋವರದ ದಂಡೆಯಲ್ಲಿ, ಕ್ಯಾಂಪಿಂಗ್ ವ್ಯಾನುಗಳು ಬಂದು ತಂಗುವ ಜಾಗದ ನಟ್ಟನಡುವೆ, ಕಂಬಕ್ಕೆ ಒಂದು ಧ್ವನಿವರ್ಧಕ ಕಟ್ಟಿಸಿದ್ದೀರಿ. ಬೆಳಗಿನಿಂದ ಕತ್ತಲಾಗುವ ತನಕ ಅದು ಗಳಿಗೆಗೊಮ್ಮೆ ಗಂಟಲು ಕೆರೆದುಕೊಂಡು, ‘ಇದು ನಿಶ್ಶಬ್ದ ವಲಯ, ದಯವಿಟ್ಟು ಮೌನ ಕಾಪಾಡಿ’ ಎಂದು ಅರಚುತ್ತದೆ. ಅದನ್ನು ಕೆಳಗಿಳಿಸಿ ಎಂದು ಕೇಳಲು ಈ ಪತ್ರ. ಕಾರಣ ಹೇಳದೆ ಕೇಳಿದರೆ ಉದ್ಧಟತನವಾದೀತು. ಆದ್ದರಿಂದ ಕೊಂಚ ಉದ್ದವಾಗಿಯೇ ಹೇಳುತ್ತೇನೆ, ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ಈ ಉಪಾಯ ಯಾವ ಪುಣ್ಯಾತ್ಮರಿಗೆ ಹೊಳೆಯಿತೋ, ಅವರಿಗೊಂದು ದೊಡ್ಡ ನಮಸ್ಕಾರ. ಅಲ್ಲಿ ಗಲಾಟೆ ಮಾಡುತ್ತಿದ್ದವರಾದರೂ ಯಾರು? ಬಾತುಕೋಳಿಗಳೇ? ಹಾಗಿದ್ದರೆ ನಿಮ್ಮ ಪ್ರಕಟಣೆ ಅವುಗಳಿಗೆ ಅರ್ಥವಾದಂತಿಲ್ಲ. ಮೈಕು ಬರುವ ಮುಂಚೆ ಅಲ್ಲಿ ಚಹಾದ ಲೋಟವನ್ನು ಕಲ್ಲಿನ ಮೇಲೆ ಕುಕ್ಕಿದರೆ ಪಕ್ಕದ ವ್ಯಾನಿನವರು ತಿರುಗಿ ನೋಡುತ್ತಿದ್ದರು. ಇದ್ದ ಮೌನವನ್ನು ಓಡಿಸಿ, ಅದನ್ನು ಕಾಪಾಡಿ ಎಂದು ನಮಗೆ ಹೇಳುವುದು ಯಾವ ನ್ಯಾಯ?

ನಾನೂ ನಮ್ಮ ಯಜಮಾನರೂ ಬಟ್ಟೆ ಗಿರಣಿಯ ಮಗ್ಗದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಅಲ್ಲಿ ಬಾಯಿಗೆ ಕೆಲಸವಿಲ್ಲ. ನಾವೆಲ್ಲ ಕೈಯಲ್ಲೇ ಮಾತಾಡುತ್ತಿದ್ದೆವು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ನೂಲು ಹರಿದಿದೆ, ಭುಜ ತಟ್ಟಿಕೊಂಡರೆ ಮೇಸ್ತ್ರಿ ಬರುತ್ತಿದ್ದಾನೆ. ನನ್ನನ್ನು ಮದುವೆಯಾಗುತ್ತೀಯಾ ಎಂದು ಇವರು ಕೇಳಿದ್ದೂ ಕೈಯಲ್ಲೇ. ನಾನು ಎಣ್ಣೆ ಡಬ್ಬಿ ಬೇಕೇನೋ ಅಂದುಕೊಂಡು ತಂದುಕೊಟ್ಟೆ. ಪಾಪ, ಅದನ್ನೇ ಹಿಡಿದುಕೊಂಡು ನಿಂತಿದ್ದರು. ಮದುವೆಯಾದ ಮೇಲೆ ಮನೆಯಲ್ಲಿ ಬರೀ ಕಿರುಚಾಟ. ಗಿರಣಿ ತಿಂದು ಬಿಟ್ಟ ಇವರ ಕಿವಿಗೆ ಮೆಲುಮಾತು ಎಲ್ಲಿ ತಾಗಬೇಕು? ಉಪ್ಪು ಕೊಡಿ ಎಂದರೂ ಬೀದಿಗೆ ಕೇಳುತ್ತಿತ್ತು. ಅಕ್ಕಪಕ್ಕದವರು ನಮ್ಮದು ಮಹಾ ಜಗಳದ ಸಂಸಾರ ಎಂದು ಕನಿಕರಪಡುತ್ತಿದ್ದರು.

ನಿವೃತ್ತಿಯಾದ ಮೇಲೆ ಇವರು ಬ್ರೆಡ್ಡು ಸಾಗಿಸುತ್ತಿದ್ದ ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ಪುಟ್ಟ ಸಿಂಕು ಕೂರಿಸಿದರು. ಕಿಟಕಿಯ ಪರದೆ ನಾನು ಹೊಲಿದೆ. ಬಿಸಿಲೇರಿದರೆ ಇಂದಿಗೂ ಬನ್ನಿನ ವಾಸನೆ ಬಂದು ಸುಮ್ಮಸುಮ್ಮನೆ ಹಸಿವಾಗುತ್ತದೆ. ಅದರಲ್ಲಿ ಮೊದಲ ಸಲ ನಿಮ್ಮ ದಂಡೆಗೆ ಬಂದಾಗ, ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ ಇವರು ಕಿವಿಯ ಯಂತ್ರ ಸರಿಮಾಡಿಕೊಂಡು, “ಏನೇ ಅದು ಪಚಪಚ ಅಂತಿರೋದು? ನಲ್ಲಿ ಬಿಟ್ಟು ಬಂದ್ಯಾ?” ಎಂದರು.

“ನಲ್ಲಿ ಅಲ್ಲಾರೀ, ಅಲೆ! ದಡಕ್ಕೆ ಬಡೀತಿದೆ!” ಎಂದು ಕೂಗಿದೆ.

ಬಹಳ ಹೊತ್ತು ಕೇಳುತ್ತಾ ಕೂತರು. ಆಮೇಲೆ, “ಯಾಕೆ ಅಷ್ಟು ಜೋರಾಗಿ ಕೂಗ್ತೀಯ? ಕೇಳಿಸ್ತಿದೆ ನಂಗೆ,” ಎಂದರು, ಮೆಲ್ಲಗೆ. ಮಾನ್ಯರೇ, ಮೊಮ್ಮಕ್ಕಳಾದ ಮೇಲೆ ನನ್ನ ಗಂಡನ ಮೆಲುದನಿ ಹೇಗಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಚೆನ್ನಾಗಿದೆ. ಈ ವಯಸ್ಸಿನಲ್ಲಿ ನಾಚಿಕೆಯಾಗುವಷ್ಟು ಚೆನ್ನಾಗಿದೆ.

ಇವರ ಕಿವಿಯಲ್ಲಿ ಉಳಿದಿರುವ ಚೂರು ಶಕ್ತಿಯೂ ಹೆಚ್ಚು ಕಾಲ ಇರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಮ್ಮ ಬೀದಿಯಲ್ಲಿ ಯಂತ್ರ ಹಾಕಿಕೊಂಡರೆ ಬಸ್ಸು ತಲೆಯೊಳಗೇ ಓಡಿದಂತಾಗುತ್ತದಂತೆ, ತೆಗೆದು ಜೇಬಿಗೆ ಹಾಕುತ್ತಾರೆ. ಹಾಗಾಗಿ ನಾವು ಮಾತಾಡುವುದಕ್ಕೆಂದೇ ನಿಮ್ಮಲ್ಲಿಗೆ ಬರುತ್ತೇವೆ.

ಕಳೆದ ಸಲ ಬಂದರೆ ಕಂಬದಲ್ಲಿ ಮೈಕು! ಅದನ್ನು ಮೀರಿಸಲು ಎಲ್ಲ ವ್ಯಾನಿನವರೂ ಗಂಟಲು ಹರಿದುಕೊಳ್ಳುತ್ತಿದ್ದರು. ನಾವಿಬ್ಬರು ಮಾತ್ರ ಹಳೆಯ ಅಭ್ಯಾಸದಂತೆ ಕೈಮಾತಿಗೆ ಇಳಿದೆವು. ಪಕ್ಕದ ವ್ಯಾನಿನ ದಂತವೈದ್ಯೆ ನೋಡಿ, “ನಮಗೂ ಕಲಿಸ್ಕೊಡಿ ಆಂಟಿ,” ಎಂದಳು. ಸಂಜೆಯ ಹೊತ್ತಿಗೆ ದಂಡೆಗೆ ದಂಡೆಯೇ ಕೈ ಆಡಿಸುತ್ತಿತ್ತು. ನಿಮ್ಮ ಕಾವಲುಗಾರ ಏದುಸಿರು ಬಿಡುತ್ತಾ ಓಡಿಬಂದ.

“ಏನಮ್ಮಾ ಇದು, ಪ್ರತಿಭಟನೇನಾ?”

“ಅಲ್ಲಪ್ಪಾ, ಅವರು ಸಕ್ಕರೆ ಕೇಳ್ತಿದಾರೆ ಅಷ್ಟೆ. ಆ ಮೈಕು ಒಂಚೂರು ನಿಲ್ಸಬಾರ್ದಾ?”

“ಸಾಹೇಬ್ರು ಹೇಳ್ಬೇಕಮ್ಮಾ. ಅವರ ರೂಮಿನ ಕಿಟಕಿಗೆ ದಪ್ಪ ಗಾಜು, ಒಳಗೆ ಏನೂ ಕೇಳ್ಸಲ್ಲ.”

ನಕ್ಕೆವು. ನೀವೂ ಬೇಕಾದರೆ ನಗಿ. ಆದರೆ ಕೈಮಾತು ನನಗೆ ಗಿರಣಿಯಲ್ಲೇ ಸಾಕುಸಾಕಾಗಿದೆ. ಹೊತ್ತು ಮುಳುಗುವಾಗ ಇವರು ನನ್ನತ್ತ ಬಾಗಿ, “ನಿಂಗೊಂದು ಮಾತು ಹೇಳ್ಬೇಕು ಅಂತ ತುಂಬಾ ದಿನದಿಂದ...” ಎಂದು ಶುರುಮಾಡಿದರು. ಮೌನ ಕಾಪಾಡಿ ಎಂದಿತು ನಿಮ್ಮ ಮೈಕು. ಆಜ್ಞೆ ಮೀರುವ ಮನುಷ್ಯನಲ್ಲ, ಕಾಪಾಡಿಬಿಟ್ಟರು. ಯಂತ್ರ ಜೇಬು ಸೇರಿತು. ಏನದು ಎಂದು ಕೈಯಲ್ಲಿ ಕೇಳಿದೆ, ಬೇಡವೆಂದು ಅಡ್ಡಡ್ಡ ತಲೆಯಾಡಿಸಿದರು. ಮನೆಗೆ ಬಂದು ಪ್ರಾಣ ಹಿಂಡಿದೆ. “ಕೂಗಿ ಹೇಳೋ ಮಾತಲ್ಲ ಕಣೇ ಅದು. ಅಲ್ಲಿಗೆ ಹೋದ್ಮೇಲೆ ಹೇಳ್ತೀನಿ,” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಮೈಕು ಇಳಿಸಿ, ಬೇಕಿದ್ದರೆ ಅಲ್ಲಿ ಒಂದು ಬೋರ್ಡು ನಿಲ್ಲಿಸಿ, ಬಣ್ಣ ನಾವೇ ತರುತ್ತೇವೆ. ಮುಂದಿನ ತಿಂಗಳು ನಮ್ಮ ವ್ಯಾನು ನಿಮ್ಮ ಗೇಟಿಗೆ ಬರುತ್ತದೆ. ವೈದ್ಯರ ಮಾತು ನಿಜವಾಗುವ ಮುಂಚೆ ಇವರ ಮಾತು ನನ್ನ ಕಿವಿಗೆ ಬೀಳಬೇಕು. ಅದೇನೆಂದು ತಿಳಿದ ಮೇಲೆ ನಿಮಗೆ ಮಾತ್ರ ಖಂಡಿತ ಹೇಳುವುದಿಲ್ಲ.

ಇಂತಿ,
ಆಯುಷ್ಯವೆಲ್ಲ ಕೂಗಿ, ಈಗ ಒಂದು ಪಿಸುಮಾತಿಗೆ ಕಾದು ಕೂತಿರುವ
ಬ್ರೆಡ್ಡು ವ್ಯಾನಿನ ಅಜ್ಜಿ