ಟವೆಲ್ ಕೆಳಗಿನ ಕಾರು

ಹಾಲುರಾಮೇಶ್ವರ,
ಹೊಸದುರ್ಗ ತಾಲ್ಲೂಕು
೯-೧೧-೨೦೨೪, ಶನಿವಾರ

ಪ್ರೀತಿಯ ಸೊಸೆ, ತಾಯಿ ಸುಮಾ,

ನಿಮ್ಮ ಮಾವ ಬೀರಪ್ಪ ಬರೀತಿರೋದು. ಹೆಂಗಿದೀಯಮ್ಮ? ಸೊಂಟದ ನೋವು ಕಮ್ಮಿ ಆಯ್ತಾ? ಕೂಸು ಹಾಲು ಕುಡಿದು ಸುಮ್ಮನೆ ಮಲಗ್ತೈತಾ, ಇಲ್ಲ ಅವರಪ್ಪನಂಗೆ ಊರೆಲ್ಲ ಎಬ್ಬಿಸ್ತೈತಾ? ಯಲ್ಲದಕೆರೆ ಕಡೆ ಬೆಳಗಿನ ಹೊತ್ತು ಚಳಿ ಬಿದ್ದಿರ್ತೈತೆ, ತಲೆಗೆ ಬಟ್ಟೆ ಕಟ್ಕೊಂಡಿರು, ತಣ್ಣೀರು ಮುಟ್ಟಬೇಡ. ನಿಮ್ಮತ್ತೆ ಏಕನಾಥಮ್ಮ ಮೊಮ್ಮಗಳಿಗೆ ಏನು ಹೆಸರಿಡಾಣ ಅಂತ ದಿನಕ್ಕೆ ನಾಕು ಸಲ ಕೇಳಿ ನನ್ನ ತಲೆ ತಿಂತಾಳೆ. ನಾವು ಚೆನ್ನಾಗಿದೀವಿ. ಅಂದ್ರೆ ಮೈ ಚೆನ್ನಾಗೈತೆ, ಮನಸ್ಸಲ್ಲ. ಫೋನ್ ಮಾಡಬೋದಿತ್ತು, ಆದ್ರೆ ಈ ಮನೆಯಾಗೆ ಫೋನ್ ಹಿಡಿದ್ರೆ ನಿನ್ನ ಗಂಡನ ಕಿವಿ ಪಕ್ಕದಾಗೇ ಇರ್ತೈತೆ. ಅದಕ್ಕೇ ಕಾಗದ.

ರವೀಂದ್ರನಿಗೆ ಕಾರಿನ ಹುಚ್ಚು ಹಿಡಿದೈತೆ ಕಣಮ್ಮ. ನಿನ್ನನ್ನೂ ಕೂಸನ್ನೂ ತವರಿಂದ ಕಾರಿನಾಗೇ ಕರ್ಕೊಂಡು ಬರ್ತಾನಂತೆ, ಅದೂ ಅಂತಿಂಥ ಕಾರಲ್ಲ. ಒಂದು ತಿಂಗಳಿಂದ ಎರಡು ಕಾರು ಅವನ ತಲೆಯಾಗೆ ಕುಂತವೆ. ಒಂದು ಯಾರೋ ಹುಡುಗ ಆಲ್ಟ್ರೇಷನ್ ಮಾಡ್ಸಿ ಜೋರು ಹೆಚ್ಚಿಸಿದ ಕಾರು, ಇನ್ನೊಂದು ದೊಡ್ಡ ಸಾಹುಕಾರ ಓಡಿಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಜರ್ಮನಿ ಕಾರು. ಅದು ತಗಳ್ಲಾ, ಇದು ತಗಳ್ಲಾ ಅಂತ ಮುದ್ದೆ ನುಂಗುವಾಗ್ಲೂ ಫೋನಿನಾಗೆ ಅವೇ ಚಿತ್ರ. ತಗಳ್ಳಲಿ, ದುಡಿದು ತಗಳ್ಳಲಿ, ನಂದೇನು? ಆದ್ರೆ ಅವನು ಮಾರಾಣ ಅಂತಿರೋದು ನಿನ್ನ ಕುರಿ. ನಿಮ್ಮಪ್ಪ ಬಳುವಳಿ ಕೊಟ್ಟ ಹನ್ನೆರಡು ಕುರಿ ಈಗ ಐವತ್ತೆಂಟು ಆಗಿ ನಿಂತವೆ. ಹುಟ್ಟಿದ ಒಂದೊಂದು ಮರಿಗೂ ನಿಮ್ಮಪ್ಪನ ಗುರುತೇ ಇರಲಿ ಅಂತ ಎಡಗಿವಿಗೆ ಸೀಳು ಹಾಕಿದ ಕೈ ನಂದು. ಅತ್ತೆ ಒಡವೆ ಅಳಿಯ ದಾನ ಮಾಡಿದಂಗೆ ಆಯ್ತು ಇವನ ಕತೆ.

ಕಾರು ನೋಡಾಕೆ ನನ್ನೂ ಎಳ್ಕೊಂಡು ಹೋದ. ಮೊದಲನೇದು ಚಿತ್ರದುರ್ಗದಾಗೆ. ಥೂ, ಅದನ್ನ ಕಾರು ಅಂತಾರಾ! ಬೆನ್ನ ಮೇಲೆ ಒಂದು ರೆಕ್ಕೆ, ಹೊಟ್ಟೆ ನೆಲಕ್ಕೆ ತಾಗೋ ಹಂಗೆ ತಗ್ಗಿಸವರೆ, ಸೈಲೆನ್ಸರ್ ಬಾಯಾಗೆ ನನ್ನ ಕೈ ಹೋಗ್ತೈತೆ. ಸ್ಟಾರ್ಟ್ ಮಾಡಿದ್ರೆ ಎದುರಿನ ಟೀ ಅಂಗಡಿಯಾಗಿದ್ದ ಮುದುಕಿ ಕಿವಿ ಮುಚ್ಚಿಕೊಂಡು ಶಾಪ ಹಾಕಿದಳು. ನಮ್ಮೂರ ದಾರಿಗೆ ಇದರ ಹೊಟ್ಟೆ ಹರಿದು ಹೋಗ್ತೈತಲ್ಲೋ ಅಂದೆ. ನಿಧಾನಕ್ಕೆ ಓಡಿಸ್ತೀನಿ ಅಂದ. ನಿಧಾನಕ್ಕೆ ಓಡ್ಸಾಕೆ ಇಷ್ಟು ಜೋರಿನ ಕಾರು ಯಾಕೆ ಲೇ ಅಂದ್ರೆ, ನಿನಗೆ ಗೊತ್ತಾಗಲ್ಲ ಬಿಡಪ್ಪಾ ಅಂತಾನೆ.

ಎರಡನೇದು ಹಿರಿಯೂರಿನಾಗೆ. ಮಾರೋ ದಲ್ಲಾಳಿ ನಾಗಭೂಷಣ. ಅವನು ನನಗೆ ಹೊಸಬನಲ್ಲ, ಮೊದಲು ಸಂತೆಯಾಗೆ ಕುರಿ ದಲ್ಲಾಳಿ ಆಗಿದ್ದ. ಕುರಿಗೆ ಉಪ್ಪು ತಿನ್ನಿಸಿ, ನೀರು ಕುಡಿಸಿ, ಹೊಟ್ಟೆ ಉಬ್ಬಿಸಿ ಮಾರ್ತಿದ್ದ ಗಿರಾಕಿ. ಕಾರು ಕರ್ರಗೆ ಮಿಂಚ್ತಿತ್ತು, ಒಳಗೆ ಕುಂತ್ರೆ ಸೆಂಟಿನ ವಾಸನೆಗೆ ತಲೆ ತಿರುಗ್ತಿತ್ತು. ರವೀಂದ್ರ ಸ್ಟೇರಿಂಗ್ ಸವರ್ತಾ ಬಾಯಿ ಬಿಟ್ಕೊಂಡು ಕುಂತಿದ್ದ. ವ್ಯಾಪಾರ ಮುರೀಬೇಕು ಅಂತ್ಲೇ ನಾನು, ಹಳೇ ಪದ್ಧತಿಯಾಗೇ ಆಗ್ಲಪ್ಪ ನಾಗಭೂಷಣ, ಅಂದೆ. ಸಂತೆಯಾಗೆ ಬೆರಳು ಹಿಡಿದು ರೇಟು ಹೇಳ್ತೀವಲ್ಲ, ಹಂಗೆ ಇಬ್ಬರ ಕೈ ಮೇಲೂ ಟವೆಲ್ ಹಾಕಿ, ಅವನು ಹೇಳಿದ ರೇಟಿನ ಅರ್ಧಕ್ಕೆ ಬೆರಳು ಹಿಡಿದೆ. ಕುರಿ ಸಂತೆಯಾಗೆ ಹಂಗೆ ಹಿಡಿದ್ರೆ ಕೈ ಒದರಿ ಬೈದು ಕಳಿಸ್ತಾರೆ. ಇವನು ಬೆರಳು ಬಿಗಿಯಾಗಿ ಹಿಡ್ಕೊಂಡು, ಆಯ್ತು ಬೀರಣ್ಣ, ಅಂದುಬಿಟ್ಟ. ಮೊದಲನೇ ಬೆರಳಿಗೇ ಕೊಟ್ಟ ಕುರಿ ರೋಗದ ಕುರಿ ಅಂತ ನಮ್ಮಪ್ಪ ಹೇಳೋನು. ಕಾಲ ಕೆಳಗಿನ ಹಾಸು ಎತ್ತಿ ಮೂಸಿದೆ. ಸೆಂಟಿನ ಅಡಿಯಾಗೆ ಕೊಳೆತ ಕೆಸರು, ಮಳೆಯಾಗೆ ನೆನೆದ ಕಂಬಳಿ ಮುಗ್ಗಿದ ವಾಸನೆ. ಕೇಳಿದ್ರೆ, ಮಳೆಗಾಲದಾಗೆ ಎರಡು ದಿನ ನೀರಿನಾಗೆ ನಿಂತಿತ್ತು ಅಷ್ಟೇ, ಅಂತ ಹಲ್ಲು ಕಿರಿದ. ರೋಗ ಮುಚ್ಚಿಟ್ಟ ವ್ಯಾಪಾರಕ್ಕೆ ಮಾತಿನ ಹಂಗಿಲ್ಲ ಅಂತ ಟವೆಲ್ ಒದರಿ ಹೆಗಲಿಗೆ ಹಾಕ್ಕೊಂಡು ಬಂದೆ.

ಇನ್ನಾದ್ರೂ ಬುದ್ಧಿ ಬಂತು ಅಂದ್ಕೊಂಡ್ರೆ, ವಾಪಸ್ ಬರೋ ಬಸ್ಸಿನಾಗೇ, ಹಂಗಾದ್ರೆ ದುರ್ಗದ ಕಾರೇ ಗಟ್ಟಿ, ಸೋಮವಾರ ಕುರಿ ವ್ಯಾಪಾರಿ ಬರ್ತಾನೆ ಅಂದ. ಸುಮನ್ನ ಒಂದು ಮಾತು ಕೇಳಿದೇನೋ ಅಂದೆ. ಅವನು ಕಿಟಕಿ ಕಡೆ ನೋಡ್ತಾ ಹೇಳಿದ್ದು ಇಷ್ಟು: "ಅವಳನ್ನೇನು ಕೇಳೋದಪ್ಪಾ? ಅವಳೇ ನನ್ನೋಳು ಅಂದ್ಮೇಲೆ ಕುರಿ ನಂದಲ್ವಾ?"

ಆ ಕೆಸರಿನ ವಾಸನೆಗಿಂತ ಈ ಮಾತು ನನಗೆ ಹೇಸಿಗೆ ಆಯ್ತಮ್ಮ. ಆದ್ರೆ ಅವನಿಗೆ ಬೈಯಾಕೆ ನನಗೆ ಮುಖ ಇಲ್ಲ. ಯಾಕಂದ್ರೆ ಈ ಮಾತು ನಂದೇ. ನಿಮ್ಮತ್ತೆ ತಂದ ಬಳುವಳಿ ಕುರೀನ ಮದುವೆಯಾದ ಎರಡನೇ ವರ್ಷವೇ ಮಾರಿ, ಕಾಳಗಕ್ಕೆ ಅಂತ ಒಂದು ಟಗರು ತಂದೋನು ನಾನು. ಆರು ತಿಂಗಳಿಗೆ ಟಗರು ಕೊಂಬು ಮುರ್ಕೊಂಡು ಸತ್ತಿತು. ಅವಳು ಅವತ್ತೂ ಏನೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಬಸ್ಸಿನಾಗೆ ನನ್ನ ಮೇಲೇ ನನಗೆ ಅಸಹ್ಯ ಆಯ್ತು.

ಹೊತ್ತು ಹೊತ್ತಿಗೆ ಉಣ್ಣು ತಾಯಿ. ನಿಮ್ಮಪ್ಪ ಅಮ್ಮನಿಗೆ ನನ್ನ ಶರಣು ಹೇಳು. ಕೂಸಿನ ನೆತ್ತಿಗೆ ನನ್ನ ಹೆಸರಾಗೆ ಒಂದು ಮುತ್ತು ಕೊಡು. ಬೀರದೇವರು ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ.

ನಿಮ್ಮ ಮಾವ,
ಬೀರಪ್ಪ

ಮರೆತಿದ್ದೆ: ಅವಸರದಾಗೆ ಬರೀತಿದೀನಿ, ರವೀಂದ್ರ ಆ ಕಾರಿಗೆ ಮುಂಗಡ ಕೊಡಾಕೆ ದುರ್ಗಕ್ಕೆ ಹೋಗಿದಾನೆ. ನಿನ್ನ ಕೈಗೆ ಈ ಕಾಗದ ಕೊಟ್ಟ ನಮ್ಮ ಹಟ್ಟಿ ಶಿವಯ್ಯ ಒಬ್ಬನೇ ಬಂದಿಲ್ಲ, ಹೊರಗೆ ಹೋಗಿ ನೋಡು. ಐವತ್ತೆಂಟೂ ಅವೆ, ಎಡಗಿವಿ ನೋಡಿ ಎಣಿಸ್ಕೋ. ಮೂರು ದಿನದ ನಡಿಗೆ, ದಾರಿಗೆ ರೊಟ್ಟಿ ಕಟ್ಟಿಕೊಟ್ಟೋಳು ನಿಮ್ಮತ್ತೆ. ನಾನು ಹೇಳೋಕೆ ಮುಂಚೇನೇ ಗಂಟು ಕಟ್ಟಿ ಇಟ್ಟಿದ್ದಳು. ರವೀಂದ್ರ ಕರೆಯಾಕೆ ಬಂದ್ರೆ ಕಾರು ಹತ್ತಬೇಡ. ನಿನ್ನ ಕುರಿ ಹಿಂದೆ ತಾನೇ ಕೋಲು ಹಿಡ್ಕೊಂಡು ನಡೀತೀನಿ ಅಂತ ಅವನು ಅಂದ್ರೆ ಮಾತ್ರ ಬಾ. ಇಲ್ಲಾಂದ್ರೆ ಅಲ್ಲೇ ಇರು, ಮೊಮ್ಮಗಳನ್ನ ನೋಡಾಕೆ ನಾವಿಬ್ಬರೂ ಬಸ್ಸಿಗೆ ಬರ್ತೀವಿ.