ಅಪ್ಪನಿಗೆ ಪುಕ್ಕಟೆಯ ಅಭ್ಯಾಸವಿಲ್ಲ

ಶಾಲಿನಿ,

ದೊಡ್ಡಮ್ಮನಿಗೆ ಜ್ವರ, ಯಡಿಯೂರಿಗೆ ಹೊರಟೆ. ಎದ್ದ ಕೂಡಲೇ ಚರ್ಚಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಾ.

ಚರ್ಚಿನ ವಾರ್ಷಿಕೋತ್ಸವದ ಕೇಕಿನ ಮೇಲೆ ಅವರು ಕೂತುಬಿಟ್ಟಿದ್ದು ನಿನಗೆ ಗೊತ್ತಲ್ಲ. ಪಾಸ್ಟರ್ ನಕ್ಕು, ಕ್ಷಮಿಸಿದ್ದಾಯಿತು ಎಂದರು. ಇವರಿಗೆ ಅದು ಸಾಲಲಿಲ್ಲ. ಅಂದಿನಿಂದ ದಿನವೂ ಚರ್ಚು ಗುಡಿಸುತ್ತಾರೆ, ಬೆಂಚು ಒರೆಸುತ್ತಾರೆ. ನಿನ್ನೆ ಪಾಸ್ಟರ ಸ್ಕೂಟರನ್ನು ಎಷ್ಟು ತೊಳೆದರೆಂದರೆ ಅದು ಸ್ಟಾರ್ಟೇ ಆಗಲಿಲ್ಲ. ಪಾಪ, ಪಾಸ್ಟರು ಕೋಟು ಹಾಕಿಕೊಂಡು, ಬಸ್ಸಿನಲ್ಲಿ ನೇತಾಡಿಕೊಂಡು ಗೊಟ್ಟಿಗೆರೆಯ ಮದುವೆ ನಡೆಸಲು ಹೋದರು.

ವಾಪಸು ಬಂದವರೇ ಅಪ್ಪನಿಗೆ ಕೈಮುಗಿದರು. "ದೇವರಾಜಣ್ಣ, ದೇವರ ಕೃಪೆ ಪುಕ್ಕಟೆ ಸಿಗೋದು. ಇದೆಲ್ಲ ಬಿಟ್ಬಿಡಿ."

"ಪುಕ್ಕಟೆ ತಗೊಂಡು ಅಭ್ಯಾಸ ಇಲ್ಲ ಪಾಸ್ಟರೇ," ಎಂದು ಅಪ್ಪ ಅವರ ಶೂಗೆ ಪಾಲಿಶ್ ಹಾಕಲು ಕೂತರು.

ನಗಬೇಡ ಕಣೇ. ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಪ್ರಭುಭೋಜನದ ರೊಟ್ಟಿ ಹಂಚುವಾಗ ಅಪ್ಪ ಎದ್ದು ಹೊರಗೆ ಹೋಗಿ ನಿಲ್ಲುತ್ತಾರೆ, ತಾನು ಅದಕ್ಕೆ ಯೋಗ್ಯನಲ್ಲ ಅಂತ. ನನ್ನ ಸಂಕಟ ಅದೇ.

ಫ್ರಿಜ್ಜಿನಲ್ಲಿ ಹಿಟ್ಟಿದೆ. ಬಿಸಿ ದೋಸೆ ಹಾಕಿಕೊಡು, ಉಪದೇಶ ಮಾಡಬೇಡ. ತಟ್ಟೆ ತೊಳೆಯಲು ಎದ್ದರೆ ಕೈ ಹಿಡಿದು ಕೂರಿಸಿ ಇನ್ನೊಂದು ಹಾಕು. ಸುಮ್ಮನೆ ಕೂತು ತಿನ್ನುವುದನ್ನು ಕಲಿಯುವವರೆಗೂ ಹಾಕುತ್ತಲೇ ಇರು.

ಅಮ್ಮ